ಬ್ರಿಗೇಡಿಯರ್ ಅಂಕಲ್‌ರ ಏಕವಚನ

ಮೊನ್ನೆ ಮೆಲ್ಬರ್ನಿನ ಮಗಳ ಮನೆಯಲ್ಲಿ, ಮೊಮ್ಮಗಳ ಸ್ಕೂಲ್ ಶೂಗೆ ಹಚ್ಚೋಣವೆಂದು ಪಾಲಿಶ್ ಡಬ್ಬಿಯ ಮುಚ್ಚಳ ತೆಗೆದೆ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಡಾಕ್‌ಲ್ಯಾಂಡ್ಸಿನ ಆಕಾಶದೆತ್ತರದ ಮಹಡಿ ಮಾಯವಾಗಿ, ಸಿಡ್ನಿಯ ಎಪ್ಪಿಂಗಿನ ನಮ್ಮ ಹಳೆಯ ಬಾಡಿಗೆ ಮನೆ ಎದುರಿಗೆ ಬಂತು. ಪಕ್ಕದ ಮನೆಯ ಮೆಟ್ಟಿಲ ಮೇಲೆ ಕುಳಿತು ಬ್ರಿಗೇಡಿಯರ್ ಅಂಕಲ್ ಬೂಟು ಉಜ್ಜುತ್ತಿದ್ದರು.

ಆಗಿನ್ನೂ ತೊಂಬತ್ತರ ದಶಕದ ಆರಂಭ. ಬ್ರಿಟಿಷ್ ಸೈನ್ಯದಿಂದ ನಿವೃತ್ತರಾದ ಇಂಗ್ಲೆಂಡಿನವರು ಅವರು; ಹೆಂಡತಿ ತೀರಿಕೊಂಡ ಮೇಲೆ ಸಿಡ್ನಿಯ ಮಗಳ ಮನೆಗೆ ಬಂದಿದ್ದರು. ಹರೆಯದಲ್ಲಿ ಬೆಂಗಳೂರಿನ ದಂಡಿನಲ್ಲಿ ಮೀಸೆ ಸರಿಯಾಗಿ ಚಿಗುರದ ಲೆಫ್ಟಿನೆಂಟ್. ಆಮೇಲೆ ಬರ್ಮಾದ ಯುದ್ಧ, ಮಲಯಾ, ಜರ್ಮನಿ. ಕೊನೆಗೆ ಲಂಡನ್ನಿನಲ್ಲಿ ದೊಡ್ಡ ಹುದ್ದೆ. ಅದನ್ನು ಅವರು "ಪೆನ್ಸಿಲ್ ಚೂಪು ಮಾಡುವ ಕೆಲಸ" ಎನ್ನುತ್ತಿದ್ದರು. ಬೂಟು ಬಿಟ್ಟರೆ ನನ್ನ ಕಣ್ಣಿಗೆ ಕಂಡ ಸೈನ್ಯದ ಗುರುತೆಂದರೆ ಒಂದೇ: ಬಟ್ಟೆ ಒಣಹಾಕುವಾಗ ಕ್ಲಿಪ್ಪುಗಳನ್ನು ಬಣ್ಣಬಣ್ಣಕ್ಕೆ ಸಾಲು ನಿಲ್ಲಿಸುತ್ತಿದ್ದರು.

ನಾವು ಬಂದ ವಾರವೇ ಬೇಲಿಯಾಚೆಯಿಂದ, "ಏಯ್, ಬಾ! ಊಟ ಆಯ್ತಾ?" ಎಂದು ಕೂಗಿದರು. ನನ್ನ ಕೈಯಲ್ಲಿದ್ದ ಒದ್ದೆ ಸೀರೆ ಹುಲ್ಲಿನ ಮೇಲೆ ಬಿತ್ತು. ನಮ್ಮ ಕಾನ್ವೆಂಟಿನಲ್ಲಿ ಬಾಯ್ತಪ್ಪಿ ಕನ್ನಡ ಬಂದರೆ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರು. ಇಲ್ಲಿ ನೋಡಿದರೆ ಇಂಗ್ಲೆಂಡಿನ ದೊರೆಯೇ ಊಟ ವಿಚಾರಿಸುತ್ತಿದ್ದಾನೆ! ಅವರ ಕನ್ನಡವೆಲ್ಲ, ದಂಡಿನಿಂದ ಬರ್ಮಾದವರೆಗೂ ಅವರ ಚಾಕರಿಗಿದ್ದ ಆರ್ಡರ್ಲಿ ಮುನಿಯಪ್ಪನದು. ಅವನು ಅಡುಗೆಯವನನ್ನೂ ಕುದುರೆಯವನನ್ನೂ ಗದರಿಸುವುದನ್ನು ಕೇಳಿ ಕೇಳಿ ಕಲಿತದ್ದು.

ಆ ವರ್ಷ ಮೈಸೂರಿನಿಂದ ಮಾವನವರು ಆರು ತಿಂಗಳಿಗೆಂದು ಬಂದರು. ಹೆಡ್‌ಮಾಸ್ಟರಾಗಿದ್ದವರು. "ಮಾತಾಡೋಕೆ ಒಂದು ನರಪಿಳ್ಳೆ ಇಲ್ವಲ್ಲಮ್ಮ ಈ ಊರಲ್ಲಿ," ಎಂದು ಕಿಟಕಿ ಬಳಿ ಕೂತು ದಿನದಿನಕ್ಕೆ ಬಾಡುತ್ತಿದ್ದರು. ಹೀಗೇ ಆದರೆ ವಾಪಸು ಹೊರಟೇಬಿಡುತ್ತಾರೆಂದು ನನಗೆ ಭಯ. ಕನ್ನಡ ಮಾತಿಗೆ ಅಂಕಲ್ ಇದ್ದಾರಲ್ಲ ಎಂದು ಸಂಭ್ರಮದಿಂದ ಬೇಲಿಯ ಹತ್ತಿರ ಕರೆದುಕೊಂಡು ಹೋದೆ.

"ಏಯ್, ಬಾರೋ! ಚೆನ್ನಾಗಿದ್ದೀಯಾ?" ಎಂದರು ಅಂಕಲ್, ಮುಖವೆಲ್ಲ ನಗುವಾಗಿ.

ಮಾವ ಬಂದ ದಾರಿಯಲ್ಲೇ ಮನೆಯೊಳಗೆ ನಡೆದರು. "ಬಾರೋ ಅಂತಾನೆ! ಇನ್ನೂ ನಮ್ಮನ್ನ ಆಳ್ತಾ ಇದ್ದೀನಿ ಅಂದ್ಕೊಂಡಿದಾನಾ ಇವನು?"

"ಅವರಿಗೆ ಗೊತ್ತಿಲ್ಲ ಮಾವ."

"ಗೊತ್ತಿಲ್ದೇ ಇದ್ರೆ ಹೇಳ್ಕೊಡು. ಅಲ್ಲೀವರೆಗೂ ನಾನು ಆ ಕಡೆ ತಲೆ ಹಾಕಲ್ಲ."

ಬೈಯುವಾಗ ಅವರೂ ಏಕವಚನವನ್ನೇ ಬಳಸಿದ್ದನ್ನು ನಾನು ಎತ್ತಿ ಹೇಳಲಿಲ್ಲ. ಸೊಸೆ ನೋಡಿ.

ಮರುದಿನ ಟೀ ಹಿಡಿದುಕೊಂಡು ಅಂಕಲ್ ಹತ್ತಿರ ಹೋದೆ. ಹಿರಿಯರಿಗೆ "ಬಾ" ಅಲ್ಲ, "ಬನ್ನಿ" ಎಂದು ಇಂಗ್ಲಿಷಿನಲ್ಲಿ ತಡವರಿಸುತ್ತ ವಿವರಿಸಿದೆ. ಅವರ ಕಿವಿ ಕೆಂಪಾಯಿತು. "ಹಾಗಾದರೆ 'ಹೋಗು' ಅನ್ನೋದಕ್ಕೆ?"

"'ಹೋಗಿ'. ಆದರೆ ಹೊರಟವರಿಗೆ ನಾವು ಬರೀ ಹೋಗಿ ಅನ್ನಲ್ಲ ಅಂಕಲ್. ದೊಡ್ಡವರಿಗೆ 'ಹೋಗಿ ಬನ್ನಿ', ಚಿಕ್ಕವರಿಗೆ 'ಹೋಗಿ ಬಾ'. ತಿರುಗಿ ಬರಲಿ ಅಂತ."

ಉಜ್ಜುತ್ತಿದ್ದ ಬ್ರಷ್ಷು ಬೂಟಿನ ಮೇಲೆಯೇ ನಿಂತಿತು. ಬೂಟು ಪಕ್ಕಕ್ಕಿಟ್ಟು ಹೇಳಿದರು: ಬರ್ಮಾದಲ್ಲಿ ಒಂದು ನದಿ. ಆಚೆ ದಡಕ್ಕೆ ಸುದ್ದಿ ಮುಟ್ಟಿಸಬೇಕಿತ್ತು. "ಮುನಿಯಪ್ಪನಿಗೆ 'ಹೋಗು' ಅಂದೆ. ಅವನು ಏನನ್ನೋ ಕಾಯುವವನ ಹಾಗೆ ನಿಂತೇ ಇದ್ದ. ಹೆದರಿದ್ದಾನೆ ಅಂದುಕೊಂಡು ಇನ್ನೂ ಜೋರಾಗಿ ಅಂದೆ." ಅವನು ಮರಳಲಿಲ್ಲ. "ಅವನು ಆ ಇನ್ನೊಂದು ಮಾತಿಗೆ ಕಾಯುತ್ತಿದ್ದನಾ?"

ಕಪ್ಪನ್ನು ಅವರತ್ತ ಸರಿಸಿದೆ. "ಟೀ ಆರುತ್ತೆ ಅಂಕಲ್," ಎಂದೆ.

ಸಂಜೆ ಹೊಳೆಯುವ ಬೂಟು ತೊಟ್ಟು, ಬೇಲಿ ಬಿಟ್ಟು ನಮ್ಮ ಮುಂಬಾಗಿಲಿಗೇ ಬಂದರು. ಕೈಮುಗಿದು, "ಬನ್ನಿ ಮೇಷ್ಟ್ರೇ, ಕೂತ್ಕೊಳ್ಳಿ," ಎಂದರು.

ಮಾವ ಒಂದು ಗಳಿಗೆ ಬಿಗಿದುಕೊಂಡೇ ಇದ್ದವರು ನಕ್ಕುಬಿಟ್ಟರು. "ಇದು ನಮ್ಮನೆ ಕಣ್ರೀ! ನೀವು ಬನ್ನಿ, ನೀವು ಕೂತ್ಕೊಳ್ಳಿ!"

ಆಮೇಲೆ ಇಬ್ಬರ ವಾಕಿಂಗ್ ತಪ್ಪಿದ ದಿನವಿಲ್ಲ. ಮಾವ ಊರಿಗೆ ಹೊರಟ ಬೆಳಿಗ್ಗೆ ಅಂಕಲ್ ಟ್ಯಾಕ್ಸಿಯ ಕಿಟಕಿಗೆ ಬಗ್ಗಿ, ಒಂದೊಂದೇ ಅಕ್ಷರ ತೂಗಿ, "ಹೋಗಿ ಬನ್ನಿ" ಎಂದರು. "ಬರ್ತೀನಿ," ಎಂದರು ಮಾವ. ಸರಿಯಾಗಿ ಅಂದೆನಾ ಎಂದು ಅಂಕಲ್ ನನ್ನ ಕಡೆ ತಿರುಗಿ ಕೇಳಲಿಲ್ಲ. ಮಾವ ಮತ್ತೆ ಬಂದದ್ದೂ ನಿಜ, ಆದರೆ ಅಷ್ಟರಲ್ಲಿ ಪಕ್ಕದ ಮನೆಯ ಮೆಟ್ಟಿಲು ಖಾಲಿಯಾಗಿತ್ತು.

ಮೊಮ್ಮಗಳು ಶೂ ಹಾಕಿಕೊಂಡು "ಬೈ ಅಜ್ಜಿ" ಎಂದು ಲಿಫ್ಟಿಗೆ ಓಡಿದಳು. ದಿನಾ ನಾನೂ ಬೈ ಎಂದು ಬಾಗಿಲು ಹಾಕುವವಳೇ. ಅವತ್ತು ಹೊರಗೆ ಬಂದು, "ಹೋಗಿ ಬಾ," ಎಂದೆ.

ಲಿಫ್ಟಿನ ಬಾಗಿಲಿಗೆ ಕಾಲು ಅಡ್ಡ ಕೊಟ್ಟು ತಿರುಗಿದಳು. "ವಾಟ್ ಅಜ್ಜಿ? ಗೋ ಆ, ಕಮ್ ಆ?"

"ಎರಡೂ ಕಣೇ," ಎಂದೆ.