ಪೈಪಮ್ಮನ ದಾಹ

ಕಂಪ್ಲಿಯ ಅಕ್ಕಿ ಮಿಲ್ಲಿನ ಎಲೆಕ್ಟ್ರಿಷಿಯನ್ ಜಡೆಪ್ಪನ ಕಿವಿಗಳ ಬಗ್ಗೆ ಮೊದಲೇ ಹೇಳಿಬಿಡಬೇಕು. ಹೊಳೆಯಾಚೆ ಗಂಗಾವತಿಯ ಯಾವುದೋ ಮಿಲ್ಲಿನಲ್ಲಿ ಬೆಲ್ಟು ಜಾರಿದರೆ ಇಲ್ಲಿ ಊಟಕ್ಕೆ ಕೂತವನ ತುತ್ತು ಅರ್ಧದಾರಿಯಲ್ಲೇ ನಿಲ್ಲುತ್ತಿತ್ತು. ಸುಳ್ಳೆನ್ನುವವರು ಹೊಳೆಮ್ಮನನ್ನು ಕೇಳಬಹುದು. ನಲವತ್ತು ವರ್ಷದಿಂದ ಅದೇ ಮಿಲ್ಲಿನ ಕಣದಲ್ಲಿ ಭತ್ತ ಹರವುತ್ತ ಬಂದಿರುವ ಆಕೆಯೂ ಸುಳ್ಳೆಂದೇ ಹೇಳುತ್ತಾಳೆ, ಆ ಮಾತು ಬೇರೆ.

ಅಸಲಿಗೆ ಅವನ ಕಿವಿ ಇದ್ದದ್ದು ಸ್ಟಾರ್ಟರ್ ಬೋರ್ಡಿನ ಮೇಲಿನ ಹಲಗೆಯಲ್ಲಿ, ಚರ್ಮದ ಅಂಗಿ ತೊಟ್ಟು ಕೂತಿದ್ದ ಹಳೇ ರೇಡಿಯೋದೊಳಗೆ. ಮೋಟರಿನ ಕಾರ್ಬನ್ ಸವೆದರೆ ಅದು ಚರಚರ ಎನ್ನುತ್ತಿತ್ತು. ಎಲ್ಲಾದರೂ ವೈರು ಸಡಿಲಾದರೆ ಬೆಕ್ಕು ಸೀನಿದ ಹಾಗೆ ಮಾಡುತ್ತಿತ್ತು. ಮಧ್ಯಾಹ್ನ ಚಿತ್ರಗೀತೆಯ ಹೊತ್ತಿಗೆ ಕಣದ ಹೆಂಗಸರು ಮೊರ ಹಿಡಿದೇ ಬಾಗಿಲಿಗೆ ಬಂದು ಕೂರುವರು. ಹಾಡಿನ ನಡುವೆ ಚರಚರ ಬಂತೋ, ಜಡೆಪ್ಪಣ್ಣನ ಮಷಿನಿಗೆ ಹೊಟ್ಟಿ ಕೆಟ್ಟೈತೆಂದು ಹೊಳೆಮ್ಮ ಕೂಗುವಳು. ಅವನು ಸ್ಕ್ರೂಡ್ರೈವರ್ ಹಿಡಿದು ಓಡುವನು. ಹಾಗೆ ರಿಪೇರಿಯಾದ ಮೋಟರುಗಳನ್ನು ಸಾಲಾಗಿ ನಿಲ್ಲಿಸಿದರೆ ಹೊಸಪೇಟೆ ಮುಟ್ಟಿ, ಒಂದೆರಡು ಡ್ಯಾಮಿಗೂ ಬೀಳುತ್ತಿದ್ದವು.

ಆ ಕಾಲದಲ್ಲಿ ಅವನಿಗಿದ್ದ ತಲೆನೋವು ಒಂದೇ, ಮಿಲ್ಲಿನ ಹಿತ್ತಲ ಅರ್ತಿಂಗ್ ಗುಂಡಿ. ಮಷಿನುಗಳಲ್ಲಿ ದಾರಿ ತಪ್ಪಿದ ಕರೆಂಟು ನೆಲಕ್ಕಿಳಿಯುವ ಜಾಗ ಅದು. ಇದ್ದಿಲು, ಉಪ್ಪು ತುಂಬಿ ನಡುವೆ ಪೈಪು ಹುಗಿದಿದ್ದರು. ದಿನಾ ಒಂದಿಷ್ಟು ನೀರು ಕುಡಿಸಿದರೆ ಮಾತ್ರ ಅದು ಕೆಲಸ ಮಾಡುವುದು. ಕಂಪ್ಲಿ ಬಿಸಿಲಿಗೆ ನೆರಳೇ ನೀರು ಕೇಳುವಾಗ ಆ ಗುಂಡಿಗೆ ಹೊತ್ತು ಹಾಕುವವರು ಯಾರು? ಜಡೆಪ್ಪ ಎಲ್ಲರನ್ನೂ ಬೇಡಿದ, ಬೈದ. ಒಬ್ಬರೂ ಕದಲಲಿಲ್ಲ. ಕಡೆಗೊಂದು ಅಮಾವಾಸ್ಯೆ, ಮಷಿನುಗಳಿಗೆ ಕಾಯಿ ಒಡೆಯುವ ದಿನ, ಯಾರೂ ಕಾಣದಂತೆ ಪೈಪಿನ ಬಾಯಿಗೆ ವಿಭೂತಿ ಬಳಿದು, ಕುಂಕುಮ ಇಟ್ಟು, ಆಮೇಲೆ ಎಲ್ಲರನ್ನೂ ಕರೆದು, ಮಿಲ್ಲು ಕಾಯುವ ತಾಯಿ ಇವಳು, ದಿನಾ ತಂಪು ಮಾಡಬೇಕು ಎಂದುಬಿಟ್ಟ. ಮೊದಲ ಕೊಡ ಹೊಳೆಮ್ಮನದು. ಮರುವಾರಕ್ಕೆ ಕಣದ ಹೆಂಗಸರೆಲ್ಲ ಪಾಳಿ ಹಚ್ಚಿದರು. ಪೈಪಮ್ಮ ಎಂದು ಹೆಸರೂ ಬಿತ್ತು. ರೇಡಿಯೋ ಜೇನು ಕುಡಿದಂತೆ ಹಾಡತೊಡಗಿತು. ಮೂವತ್ತು ವರ್ಷ ಜಡೆಪ್ಪ ಆ ಗುಟ್ಟನ್ನು ಹೊಟ್ಟೆಯಲ್ಲಿಟ್ಟುಕೊಂಡು ಒಬ್ಬನೇ ನಗುತ್ತಿದ್ದ.

ಈಗ ಮಿಲ್ಲು ಹಳೇ ಸಾವ್ಕಾರರ ಮಗ ಮುರುಗೇಶನದು. ಮೋಟರುಗಳಿಗೆ ವೇಗ ಏರಿಸಿ ಇಳಿಸುವ ಹೊಸ ಡ್ರೈವ್ ಪೆಟ್ಟಿಗೆಗಳು ಬಂದವು, ಅಕ್ಕಿಯನ್ನು ತಾನೇ ತೂಗಿ ಚೀಲ ತುಂಬುವ ಮಷಿನೂ ಬಂತು. ಮೊದಲಿಗೆ ಎಲ್ಲ ಚೆನ್ನಾಗಿತ್ತು. ಕಣ್ಣಿನ ಪೊರೆ ತೆಗೆಸಿಕೊಂಡು ಎರಡು ತಿಂಗಳು ಮನೆಯಲ್ಲಿದ್ದ ಜಡೆಪ್ಪ ತಿರುಗಿ ಬರುವಷ್ಟರಲ್ಲಿ ರೇಡಿಯೋದ ಬಾಯಿ ಬಿದ್ದುಹೋಗಿತ್ತು. ಯಾವ ಸ್ಟೇಷನ್ನಿಗೆ ತಿರುಗಿಸಿದರೂ ಸಾವಿರ ಕಣಜದ ಹುಳು. ತೂಕದ ಮಷಿನಂತೂ ದೆವ್ವ ಬಡಿದವರ ಹಾಗೆ, ಅದೇ ಇಪ್ಪತ್ತೈದು ಕೆಜಿ ಚೀಲಕ್ಕೆ ಒಮ್ಮೆ ಹತ್ತೊಂಬತ್ತು ಕೆಜಿ ಎನ್ನುವುದು, ಒಮ್ಮೆ ಮೂವತ್ತೊಂದು.

ಹೊಸಪೇಟೆಯಿಂದ ಬಂದ ಎಂಜಿನಿಯರು ಕೇಬಲ್ಲು ಬದಲಿಸಿದ, ಅದಕ್ಕೆ ಜಾಲರಿ ತೊಡಿಸಿದ, ಗುಣ ಕಾಣಲಿಲ್ಲ. ಕೊನೆಗೆ ಇದು ಮುದುಕನ ಕಾಲದ ವೈರಿಂಗಿನ ದೋಷ, ಎಲ್ಲ ಕಿತ್ತು ಹೊಸದು ಮಾಡಬೇಕು, ಮುಂದಿನ ನಿಗಾ ನಮ್ಮದೇ ಎಂದ.

"ಸೋಮವಾರ ಅವ್ರ ಮಂದಿ ಬರ್ತಾರ, ಜಡೆಪ್ಪಣ್ಣ," ಎಂದ ಮುರುಗೇಶ, ನೆಲ ನೋಡುತ್ತ. "ನೀನು ಮನ್ಯಾಗ ಆರಾಮ ಇರು. ರೇಡಿಯೋನೂ ಒಯ್ದುಬಿಡು."

ಜಡೆಪ್ಪ ಶನಿವಾರ ಒಂದು ದಿನ ಬೇಡಿಕೊಂಡ. ರೇಡಿಯೋವನ್ನು ಕೂಸಿನಂತೆ ಎದೆಗವಚಿಕೊಂಡು ಒಂದೊಂದೇ ಮಷಿನು ಬಂದ್ ಮಾಡಿಸಿ, ಮತ್ತೆ ಹಚ್ಚಿಸಿ ಆಲಿಸಿದ. ಹಾವಳಿ ಹುಟ್ಟುವುದು ಡ್ರೈವುಗಳಲ್ಲೇ, ಅದು ಖರೆ. ಆದರೆ ನೆಲಕ್ಕಿಳಿಯಬೇಕಾದದ್ದು ಇಳಿಯದೆ ಗುಂಡಿಗೆ ಹೋಗುವ ಅರ್ತಿಂಗ್ ಪಟ್ಟಿಯ ಗುಂಟ ಅಲೆದಾಡುತ್ತಿತ್ತು. ಗೋಡೆಯ ಆ ಪಟ್ಟಿ ಹಿಡಿದು ನಡೆದ ಹಾಗೆಲ್ಲ ಗರಗರ ಏರಿತು. ನೋಯುವ ಮಂಡಿ ಹಿಡಿದುಕೊಂಡು ಹಿತ್ತಲಿಗೆ ಇಳಿದವನು ನಿಂತೇಬಿಟ್ಟ.

ಪೈಪಮ್ಮನಿಗೆ ಗುಡಿಯಾಗಿತ್ತು. ಅವನು ಮನೆಯಲ್ಲಿದ್ದ ಶ್ರಾವಣದಲ್ಲಿ ಮುರುಗೇಶನ ಹೆಂಡತಿ ಗಂಗಾಂಬಿಕಾ ಹರಕೆ ತೀರಿಸಿ ಸುತ್ತ ಕರಿ ಗ್ರಾನೈಟ್ ಹಾಸಿಸಿದ್ದಳು, ಪೈಪಿನ ಬಾಯಿಗೆ ಹಿತ್ತಾಳೆ ಮುಖವಾಡ ಬಿಗಿಸಿದ್ದಳು. ತಾಯಿಗೆ ಮುಖ ಬಂತು, ಬಾಯಿ ಹೋಯಿತು. ಹೆಂಗಸರು ಈಗಲೂ ದಿನಾ ಕೊಡ ಸುರಿಯುತ್ತಿದ್ದರು. ನೀರು ಕಲ್ಲಿನ ಮೇಲೆ ಮಿಂಚುತ್ತ ಚರಂಡಿಗೆ ಹೋಗುತ್ತಿತ್ತು. ಅಡಿಯ ಗುಂಡಿ ಸುಟ್ಟ ಹಪ್ಪಳ.

ತಾನು ಬಾಯಿ ಮುಚ್ಚಿಕೊಂಡರೆ ಮಿಲ್ಲಿನ ಕೆಲಸ ಹೋಗುತ್ತದೆ. ಬಿಟ್ಟರೆ ಮೂವತ್ತು ವರ್ಷದ ಮರ್ಯಾದೆ. ಹೊಳೆಮ್ಮ ಅಷ್ಟರಲ್ಲಿ ಕೊಡ ಹೊತ್ತು ಬಂದಳು, ಹಿಂದೆಯೇ ಹೂವಿನ ಬುಟ್ಟಿ ಹಿಡಿದು ಗಂಗಾಂಬಿಕಾ.

"ಅಮ್ಮಾವ್ರ, ಈ ಕಲ್ಲು ತೆಗೀಬೇಕ್ರಿ," ಎಂದ. ಆಕೆ ಮುಖ ಬಿಗಿ ಮಾಡಿದಳು. ಅವನು ರೇಡಿಯೋ ಬಂದ್ ಮಾಡಿದ. "ಇದು ಅರ್ತಿಂಗ್ ಪೈಪು. ಆ ಕುಂಕುಮ ನಾನ ಹಚ್ಚಿದ್ದು. ನೀರು ಬೀಳ್ಲಿ ಅಂತ ಎಲ್ಲಾರಿಗೂ ಸುಳ್ಳು ಹೇಳೀನಿ."

ಗಂಗಾಂಬಿಕಾ ಹೊಳೆಮ್ಮನ ಕಡೆ ನೋಡಿದಳು. ಹೊಳೆಮ್ಮ ಕೊಡ ಇಳಿಸಿ, ಸಿಂಬಿ ಬಿಚ್ಚಿ ಮುಖ ಒರೆಸಿಕೊಂಡಳು.

"ನೀ ಹಚ್ಚಿದ್ದು ಚಿಟಿಕೆ ಕುಂಕುಮ. ಮೂವತ್ತು ವರ್ಷ ನೀರು ಹೊತ್ತವ್ರು ನಾವು," ಎಂದಳು. "ಆಕಿ ದೇವ್ರು ಹೌದೋ ಅಲ್ಲೋ ಹೇಳಾಕ ನೀ ಯಾರು? ಆಕಿಗೆ ದಾಹ ಆಗೇತಿ ಅಂತಿ, ಅಷ್ಟ ಹೇಳು. ಹಾರೆ ಎಲ್ಲೈತಿ?"

ಗಂಗಾಂಬಿಕಾ ಹೂವಿನ ಬುಟ್ಟಿ ಕೆಳಗಿಟ್ಟು, ತಾನೇ ಮುಖವಾಡ ಬಿಚ್ಚಿ ಹಿಂದಿನ ಗೋಡೆಗೆ ಒರಗಿಸಿದಳು. ಕಲ್ಲು ಎದ್ದಿತು. ಕಣದ ಹೆಂಗಸರು ಸಾಲುಗಟ್ಟಿ ಸುರಿದ ನೀರಿಗೆ ಹೊಳೆ ಒಂದು ಗೇಣು ಇಳಿಯಿತೆಂದು ಜಡೆಪ್ಪ ಇಂದಿಗೂ ಆಣೆ ಮಾಡುತ್ತಾನೆ. ಸಂಜೆ ಎಲ್ಲ ಮಷಿನು ಹಚ್ಚಿದಾಗ ತೂಕ ಇಪ್ಪತ್ತೈದಕ್ಕೆ ನಿಂತಿತು. ಹಲಗೆಯ ಮೇಲೆ ಧಾರವಾಡದ ಹೆಣ್ಣುದನಿ, ತುಸು ಗೊಗ್ಗರಾಗಿಯಾದರೂ, ಕೃಷಿವಾರ್ತೆ ಓದಿತು. ಮುರುಗೇಶ ಎಂಜಿನಿಯರಿಗೆ ಫೋನು ಮಾಡಿ ಸೋಮವಾರ ಬರಬ್ಯಾಡ್ರಿ ಎಂದ.

ಈಗ ಪಾಳಿಯಲ್ಲಿ ಜಡೆಪ್ಪನದೂ ಒಂದು ದಿನ ಇದೆ. ಹೊಳೆಮ್ಮನ ಶಿಕ್ಷೆ. ತಾನು ಕೈ ಮುಗಿಯುವುದಿಲ್ಲ, ಅದು ಬರೀ ಪೈಪು ಎನ್ನುತ್ತಾನೆ. ಕೊಡ ಬರಿದಾದ ಮೇಲೆ ಮಾತ್ರ, ಎರಡು ಕೈಗಳನ್ನು ಎಲ್ಲಿಡಬೇಕೋ ತಿಳಿಯದೆ, ಒಂದಕ್ಕೊಂದು ಕೂಡಿಸಿಕೊಂಡು ಅಲ್ಲೇ ಸ್ವಲ್ಪ ಹೊತ್ತು ನಿಂತಿರುತ್ತಾನೆ.