ಸಿಸ್ಟರ್ ಅಕ್ಕನ ಕೊಕ್ಕೆ

ಹೋದ ತಿಂಗಳು ನಮ್ಮ ಅತ್ತೆ ಬಚ್ಚಲಿನಲ್ಲಿ ಜಾರಿ ಬಿದ್ದು ಮಣಿಕಟ್ಟು ಮುರಿದುಕೊಂಡರು. ಶಿವಮೊಗ್ಗದ ಒಂದು ಆಸ್ಪತ್ರೆಯಲ್ಲಿ, ಪ್ಲಾಸ್ಟರ್ ಹಾಕುವ ಕೋಣೆಯ ಹೊರಗೆ, ಅವರ ಬಳೆಗಳನ್ನು ಕರವಸ್ತ್ರದಲ್ಲಿ ಸುತ್ತಿಟ್ಟುಕೊಂಡು ಕೂತಿದ್ದೆ. ಯಾರೋ ಬಾಗಿಲು ತೆಗೆದರು. ಹಸಿ ಪ್ಲಾಸ್ಟರಿನ ವಾಸನೆ ಬಂತು. ಆಗಷ್ಟೇ ಸುಣ್ಣ ಬಳಿದ ಗೋಡೆಯ ವಾಸನೆಗೆ ಒಂದಿಷ್ಟು ಸ್ಪಿರಿಟ್ಟು ಬೆರೆಸಿದ ಹಾಗೆ. ಪಕ್ಕದಲ್ಲಿ ಕೂತಿದ್ದವರೆಲ್ಲ ಮೂಗು ಮುಚ್ಚಿಕೊಂಡರು. ನಾನು ಮಾತ್ರ ಆಳವಾಗಿ ಉಸಿರೆಳೆದುಕೊಂಡೆ. ಭದ್ರಾವತಿಯ ಹಳೇನಗರದಲ್ಲಿ, ಸಂಜೆ ಡ್ಯೂಟಿ ಮುಗಿಸಿ ಪಕ್ಕದ ಮನೆಯ ಗೇಟು ತೆಗೆಯುತ್ತಿದ್ದ ಒಬ್ಬ ಹೆಂಗಸಿನ ಸೀರೆಯ ವಾಸನೆ ಅದು...

ಅವರು ಎಲುಬಿನ ವಾರ್ಡಿನಲ್ಲಿ ನರ್ಸಾಗಿದ್ದರು. ಬೀದಿಯವರೆಲ್ಲ ಸಿಸ್ಟರ್ ಅನ್ನುತ್ತಿದ್ದರು. ಬರೀ ಸಿಸ್ಟರ್ ಅಂದರೆ ಮರ್ಯಾದೆ ಕಡಿಮೆಯಾಯಿತೆಂದು ನನ್ನ ಅಮ್ಮ ನನಗೆ ‘ಸಿಸ್ಟರ್ ಅಕ್ಕ’ ಎಂದು ಕರೆಯಲು ಕಲಿಸಿದ್ದಳು. ಅವರ ತಂದೆ ಕಾರ್ಖಾನೆ ಕೆಲಸಕ್ಕೆಂದು ಸೇಲಂ ಕಡೆಯಿಂದ ಬಂದವರು. ಸಿಸ್ಟರ್ ಅಕ್ಕ ಹುಟ್ಟಿದ್ದು ನ್ಯೂಟೌನ್ ಕ್ವಾರ್ಟರ್ಸಿನಲ್ಲಿ. ತಂದೆ ತೀರಿಕೊಂಡ ಮೇಲೆ ತಾಯಿಯ ಜೊತೆ ನಮ್ಮ ಪಕ್ಕದ ಮನೆಗೆ ಬಾಡಿಗೆಗೆ ಬಂದಿದ್ದರು. ಮದುವೆಯಾಗಿರಲಿಲ್ಲ. ಯಾಕೆ ಎಂದು ಕೇಳುವ ಧೈರ್ಯ ನಮ್ಮ ಬೀದಿಯಲ್ಲಿ ಯಾರಿಗೂ ಇರಲಿಲ್ಲ. ನಮ್ಮ ಜೊತೆ ಚೊಕ್ಕ ಕನ್ನಡ ಮಾತಾಡುತ್ತಿದ್ದರು, ಮಾತಿನ ಕೊನೆಗೆ ಒಂದು ‘ಮಾ’ ಸೇರಿಸುತ್ತಿದ್ದರು ಅಷ್ಟೇ. ಕುಳ್ಳಗಿನ, ದುಂಡು ಮುಖದ ಹೆಂಗಸು. ಚೌಕಾಬಾರದಲ್ಲಿ ಸೋತರೆ ಅವತ್ತಿಡೀ ಮುಖ ಕೊಟ್ಟು ಮಾತಾಡುತ್ತಿರಲಿಲ್ಲ. ಸೋಲು ಅವರಿಗೆ ಒಗ್ಗುತ್ತಲೇ ಇರಲಿಲ್ಲ.

ಮೇಜಿನ ಮೇಲೆ ಮೊಣಕೈ ಊರಿ ಎದುರಾಳಿಯ ಕೈ ಮಣಿಸುವ ಪಂಜ ಕುಸ್ತಿಗೆ ಅವರನ್ನು ತಂದದ್ದು ಕುಂಸಿಯ ಒಬ್ಬ ಗೌಡರು. ಜಮೀನಿದ್ದ ಮನುಷ್ಯ, ಪಂಜ ಹಿಡಿಯುವುದರಲ್ಲಿ ಜಿಲ್ಲೆಗೇ ಹೆಸರಾಗಿದ್ದವರು. ಟ್ರ್ಯಾಕ್ಟರ್ ಹ್ಯಾಂಡಲ್ ಬಡಿದು ಅವರ ಕೈ ಕೀಲು ತಪ್ಪಿ ಆಸ್ಪತ್ರೆಗೆ ಬಂದಿದ್ದರಂತೆ. ಡಾಕ್ಟರು ಕೀಲು ಕೂರಿಸುವಾಗ ಕೈ ಅಲುಗಾಡದಂತೆ ಹಿಡಿದುಕೊಂಡಿದ್ದವರು ಸಿಸ್ಟರ್ ಅಕ್ಕ. ನೋವಿಗೆ ಗೌಡರು ಇಡೀ ಮೈ ಹಾಕಿ ಕೈ ಎಳೆದುಕೊಂಡರಂತೆ, ಕೈ ಬರಲಿಲ್ಲ. ಜಿಲ್ಲೆಯ ಗಂಡಸರು ಮಣಿಸಲಾಗದ ಕೈಯನ್ನು ಒಬ್ಬ ನರ್ಸಮ್ಮ ಸುಮ್ಮನೆ ಹಿಡಿದುಕೊಂಡು, ಡಾಕ್ಟರ ಜೊತೆ ಬೇರೇನೋ ಮಾತಾಡುತ್ತ ನಿಂತಿದ್ದರು. ಕೈ ವಾಸಿಯಾದ ಮೇಲೆ ಗೌಡರು ಹಣ್ಣು ಹಿಡಿದುಕೊಂಡು ಹಳೇನಗರದ ಮನೆ ಹುಡುಕಿಕೊಂಡು ಬಂದರು. ‘ನಿಮ್ಮ ಕೈ ಸುಮ್ನೆ ಆಸ್ಪತ್ರೆಯಲ್ಲೇ ಮುಗಿದು ಹೋಗ್ಬಾರ್ದು’ ಎಂದು ಅವರ ತಾಯಿಯ ಎದುರೇ ಹೇಳಿದರು. ತಾಯಿಗೆ ಅರ್ಥವಾಗದೆ ಮಗಳನ್ನು ಕೆಲಸದಿಂದ ತೆಗೆದರೆಂದು ಗಾಬರಿಯಾಯಿತಂತೆ.

ನಮ್ಮ ಬೀದಿಯ ಕೊನೆಯಲ್ಲಿ ಒಂದು ಗರಡಿ ಮನೆಯಿತ್ತು. ಮಣ್ಣಿನ ಅಖಾಡಕ್ಕೆ ಹೆಂಗಸರು ಇಳಿಯುವ ಹಾಗಿರಲಿಲ್ಲ. ಹಾಗಾಗಿ ಗೌಡರು ಪಂಜದ ಮೇಜನ್ನು ಹೊರಗಿನ ಜಗಲಿಯಲ್ಲೇ ಹಾಕಿಸಿದರು. ಭಾನುವಾರ ಭಾನುವಾರ ಕುಂಸಿಯಿಂದ ಬಸ್ಸು ಹತ್ತಿ ಬರುತ್ತಿದ್ದರು. ಸಿಸ್ಟರ್ ಅಕ್ಕನ ಎದುರು ಕೈ ಕೊಡಲು ಒಂದು ಹೆಣ್ಣು ಬೇಕಿತ್ತು. ನಾನು ಆಗ ಬಿ.ಕಾಂ. ಮುಗಿಸಿ ಮನೆಯಲ್ಲಿದ್ದೆ, ಕಾಲೇಜಿನಲ್ಲಿ ಗುಂಡು ಎಸೆಯುತ್ತಿದ್ದವಳು, ಗಟ್ಟಿಮುಟ್ಟಾಗಿದ್ದೆ. ಅಮ್ಮ ಒಲ್ಲದ ಮನಸ್ಸಿನಿಂದ ಒಪ್ಪಿದಳು.

ಪಂಜದಲ್ಲಿ ದೊಡ್ಡವರೆನಿಸಿಕೊಂಡವರನ್ನು ಆಗ ಅವರ ಪಟ್ಟಿನಿಂದಲೇ ಗುರುತಿಸುತ್ತಿದ್ದರು. ಗೌಡರದು ಪ್ರೆಸ್. ಎದುರಾಳಿಯ ಕೈ ಮೇಲೆ ಭುಜವನ್ನೇ ತಂದು ಹೇರಿ, ಶಾವಿಗೆ ಒತ್ತುವ ಹಾಗೆ ಒತ್ತಿಬಿಡುವುದು. ಅವರು ಒಮ್ಮೆ ಮೇಲೆ ಬಂದರೆ ಮುಗಿಯಿತು, ಗೋಡೆ ಕುಸಿದು ಬಿದ್ದಂತೆ. ದಾವಣಗೆರೆಯಲ್ಲಿ ಒಬ್ಬರು ಮಹಿಳಾ ಪೊಲೀಸ್ ಪೇದೆ ಇದ್ದರು, ರಾಜ್ಯಕ್ಕೇ ಮೊದಲು. ಅವರದು ಟಾಪ್ ರೋಲ್. ಉದ್ದನೆಯ ಬೆರಳುಗಳನ್ನು ಎದುರಾಳಿಯ ಬೆರಳ ಮೇಲೇರಿಸಿ, ಮಣಿಕಟ್ಟನ್ನು ಹಿಂದಕ್ಕೆ ಬಿಡಿಸಿ, ಹಿಡಿತವನ್ನೇ ಕಿತ್ತುಕೊಳ್ಳುತ್ತಿದ್ದರು. ಹಿಡಿತ ಹೋದ ಮೇಲೆ ತೋಳಿನಲ್ಲಿ ಎಷ್ಟು ಬಲವಿದ್ದರೇನು? ಅವರ ಎದುರು ಕೂತ ದೊಡ್ಡ ದೊಡ್ಡ ಹೆಂಗಸರ ಕೈ ಹೂವು ಅರಳಿದಂತೆ ಬಿಚ್ಚಿಕೊಳ್ಳುವುದನ್ನು ನಾನೇ ನೋಡಿದ್ದೇನೆ.

ಸಿಸ್ಟರ್ ಅಕ್ಕನದು ಕೊಕ್ಕೆ. ಮಣಿಕಟ್ಟನ್ನು ಒಳಕ್ಕೆ ಮಡಿಸಿ, ಎದುರಿನವರ ಮಣಿಕಟ್ಟನ್ನೂ ಅದರೊಳಗೆ ಸಿಕ್ಕಿಸಿಕೊಂಡು ತನ್ನ ಎದೆಯ ಕಡೆಗೆ ಎಳೆದುಕೊಳ್ಳುವುದು. ಹೇಳಲು ಇಷ್ಟೇ. ಆದರೆ ಆ ಕೊಕ್ಕೆಯೊಳಗೆ ಕೈ ಸಿಕ್ಕಿಸಿಕೊಂಡವಳು ನಾನು. ಅದರಲ್ಲಿ ಒರಟುತನವೇ ಇರಲಿಲ್ಲ. ರೋಗಿಯನ್ನು ಹಾಸಿಗೆಯಿಂದ ಹಾಸಿಗೆಗೆ ಎತ್ತಿ ಮಲಗಿಸುವವರ ಹಾಗೆ, ಮೆತ್ತಗೆ, ನಿಧಾನವಾಗಿ ಅವರು ನನ್ನ ಕೈಯನ್ನು ತೆಗೆದುಕೊಂಡು ಹೋಗಿ ಮೇಜಿನ ಮೆತ್ತೆಯ ಮೇಲಿಡುತ್ತಿದ್ದರು. ಮೆತ್ತೆ ಮುಟ್ಟಿದ ಕೈ ಸೋತಂತೆ. ತಡೆಯಬೇಕೆಂದು ಹಲ್ಲು ಕಚ್ಚಿ ನಿಂತರೂ ಕೈ ನನ್ನದಲ್ಲ ಎನ್ನಿಸುತ್ತಿತ್ತು. ಮೊದಲ ದಿನ ಸೋತ ಮೇಲೂ ನಾನು ಬೆರಗಿನಿಂದ ನನ್ನ ಕೈಯನ್ನೇ ನೋಡುತ್ತ ಕೂತಿದ್ದೆ.

ಆ ಜಗಲಿಯಲ್ಲೇ ಒಂದು ಭಾನುವಾರ ಕೆಟ್ಟದ್ದೊಂದು ನಡೆಯಿತು. ಗಟ್ಟಿ ಮೈಯ ಇಬ್ಬರು ಗಂಡಸರು ಪಂಜ ಹಿಡಿದಿದ್ದರು. ಸೋಲುತ್ತಿದ್ದವನು ಇಡೀ ಮೈಯನ್ನು ಆಚೆಗೆ ತಿರುಗಿಸಿದ. ಕೈ ಮೇಜಿನ ಮೇಲೆ, ಮುಖ ಬೀದಿಯ ಕಡೆ. ಒಣಗಿದ ಬಿದಿರು ಸೀಳಿದ ಹಾಗೆ ಒಂದು ಸದ್ದು ಬಂತು. ಭುಜಕ್ಕೂ ಮೊಣಕೈಗೂ ನಡುವಿನ ಎಲುಬು ಮುರಿದಿತ್ತು. ಸಿಸ್ಟರ್ ಅಕ್ಕ ದಿನಪತ್ರಿಕೆಯನ್ನು ದಪ್ಪಗೆ ಮಡಿಸಿ ಕೈಗೆ ಕಟ್ಟಿ, ಆಟೋದಲ್ಲಿ ತಾವೇ ಕರೆದುಕೊಂಡು ಹೋದರು. ಆಮೇಲೆ ಕೆಲವು ವಾರ ಅವರು ಜಗಲಿಯ ಕಡೆ ಬರಲೇ ಇಲ್ಲ. ಆ ಮನುಷ್ಯನ ಬೆರಳುಗಳಲ್ಲಿ ಬಲ ವಾಪಸು ಬರಲು ತುಂಬಾ ದಿನ ಹಿಡಿಯಿತಂತೆ. ಅವನು ಮತ್ತೆ ಊಟದ ತಟ್ಟೆ ಹಿಡಿದ ಸುದ್ದಿ ಬಂದ ಮೇಲೆಯೇ ಸಿಸ್ಟರ್ ಅಕ್ಕ ಮೇಜಿಗೆ ಬಂದದ್ದು.

ಮರುವರ್ಷ ಶಿವಮೊಗ್ಗದಲ್ಲಿ ರಾಜ್ಯಮಟ್ಟದ ಪಂದ್ಯ ನಡೆಯಿತು. ಸಿಸ್ಟರ್ ಅಕ್ಕ ಒಬ್ಬೊಬ್ಬರನ್ನೇ ಮೆತ್ತೆಗೆ ಮಲಗಿಸುತ್ತ ಫೈನಲಿಗೆ ಬಂದರು. ಎದುರಿಗೆ ದಾವಣಗೆರೆಯ ಪೇದೆ. ಟಾಪ್ ರೋಲಿಗೂ ಕೊಕ್ಕೆಗೂ ಪಂದ್ಯ ಎಂದು ಸಭಾಂಗಣ ತುಂಬಿ ಹೋಗಿತ್ತು. ನಾನು ಮತ್ತು ಗೌಡರು ಸಿಸ್ಟರ್ ಅಕ್ಕನ ಹಿಂದೆಯೇ ನಿಂತಿದ್ದೆವು.

ಮೊದಲು ಹಿಡಿತ ಜಾರಿತು. ರೆಫರಿ ಇಬ್ಬರ ಕೈಗಳನ್ನೂ ಸೇರಿಸಿ ಪಟ್ಟಿ ಬಿಗಿದರು. ಹಾಗೆ ಬಿಗಿದ ಮೇಲೆ ಯಾರೂ ಕೈ ಬಿಡಿಸಿಕೊಳ್ಳುವಂತಿಲ್ಲ. ‘ಗೋ’ ಎಂದ ತಕ್ಷಣ ಪೇದೆಯ ಬೆರಳುಗಳು ಮೇಲೇರಿದವು. ಸಿಸ್ಟರ್ ಅಕ್ಕನ ಮಣಿಕಟ್ಟು ಹಿಂದಕ್ಕೆ ಬಾಗಿತು. ಸೋತರು ಅಂದುಕೊಂಡೆ. ಅವರು ಕದಲಲಿಲ್ಲ, ಉಸಿರು ಸಹ ಜೋರಾಗಿ ಬಿಡಲಿಲ್ಲ. ಬಾಗಿದ ಮಣಿಕಟ್ಟು ಕೂದಲೆಳೆಯಷ್ಟು ಕೂದಲೆಳೆಯಷ್ಟು ವಾಪಸು ಬಂತು, ನೆಟ್ಟಗಾಯಿತು, ಒಳಕ್ಕೆ ಮಡಿಸಿಕೊಂಡಿತು. ರಾಜ್ಯದಲ್ಲಿ ಯಾರೂ ಬಿಡಿಸಿಕೊಳ್ಳಲಾಗದ ಟಾಪ್ ರೋಲನ್ನು ಅವರು ಬರೀ ಮಣಿಕಟ್ಟಿನಿಂದ ಮುಚ್ಚಿಬಿಟ್ಟಿದ್ದರು. ಕೊಕ್ಕೆ ಬಿದ್ದಿತ್ತು. ಪಕ್ಕದಲ್ಲಿ ಗೌಡರು ನನ್ನ ಭುಜ ಹಿಡಿದುಕೊಂಡಿದ್ದು ಈಗಲೂ ನೆನಪಿದೆ. ಪೇದೆಯ ಕೈ ಇಳಿಯಿತು, ಮತ್ತೂ ಇಳಿಯಿತು. ಮೆತ್ತೆಗೂ ಅದಕ್ಕೂ ನಡುವೆ ಒಂದು ಬೆರಳು ತೂರುವಷ್ಟು ಜಾಗ.

ಆಗ ಪೇದೆ ಕೊನೆಯ ಪ್ರಯತ್ನವೆಂಬಂತೆ ಮುಖ, ಎದೆ, ಭುಜ ಎಲ್ಲವನ್ನೂ ಆಚೆಗೆ ತಿರುಗಿಸಿದರು. ಸಿಸ್ಟರ್ ಅಕ್ಕನ ಕಣ್ಣು ಪೇದೆಯ ಕೈಯಿಂದ ತೋಳಿಗೆ ಹೋದದ್ದನ್ನು ನಾನು ಕಂಡೆ. ಕೈ ನಿಂತಿತು. ಆಮೇಲೆ ನಿಧಾನವಾಗಿ ಮೇಲೆ ಬಂತು, ನೆಟ್ಟಗೆ ನಿಂತಿತು, ಹಾಗೆಯೇ ಈ ಕಡೆಗೆ ಬಂದು... ಸಿಸ್ಟರ್ ಅಕ್ಕನ ಕೈ ಮೆತ್ತೆ ಮುಟ್ಟಿತು.

ಜನ ಕುರ್ಚಿ ಹತ್ತಿ ಕೇಕೆ ಹಾಕಿದರು. ಸೋಲಿನ ಅಂಚಿನಿಂದ ಹೀಗೆ ಎದ್ದು ಬಂದವರನ್ನು ಕಂಡಿಲ್ಲವೆಂದು ಮೈಕಿನಲ್ಲಿ ಪೇದೆಯನ್ನು ಹೊಗಳಿದರು. ಗೆದ್ದ ಪೇದೆ ಮಾತ್ರ ನಗಲಿಲ್ಲ. ಪಟ್ಟಿ ಬಿಚ್ಚುವಾಗ ಸಿಸ್ಟರ್ ಅಕ್ಕನ ಮುಖವನ್ನೇ ನೋಡುತ್ತಿದ್ದರು.

ಸಂಜೆ ಬಸ್‌ಸ್ಟ್ಯಾಂಡಿನಲ್ಲಿ ನಾವು ಮೂವರು ಟೀ ಕುಡಿಯುತ್ತ ನಿಂತಿದ್ದೆವು. ಗೌಡರಿಗೆ ತಡೆಯಲಾಗಲಿಲ್ಲ. ‘ಕೈಗೆ ಬಂದಿದ್ದನ್ನ ಬಿಟ್ರಲ್ಲ ಮಾರಾಯ್ತಿ’ ಎಂದರು. ಅಷ್ಟರಲ್ಲಿ ದಾವಣಗೆರೆ ಬಸ್ಸಿನ ಕಡೆಯಿಂದ ಪೇದೆ ಬ್ಯಾಗು ಹೊತ್ತುಕೊಂಡು ನೇರ ನಮ್ಮ ಹತ್ತಿರ ಬಂದರು.

‘ಯಾಕ್ರೀ ಬಿಟ್ರಿ?’

‘ಬಿಡ್ಲಿಲ್ಲ ಮಾ. ಸೋತೆ.’

‘ಸುಳ್ಳು ಹೇಳ್ಬ್ಯಾಡ್ರಿ. ನಿಮ್ ಕೈಯಾಗೆ ಜೀವ ಇತ್ತು, ಒಮ್ಮೆಲೆ ಹೋತು. ನನಗೆ ಗೊತ್ತಾಗಲ್ವಾ?’

ಸಿಸ್ಟರ್ ಅಕ್ಕ ಲೋಟ ಕೆಳಗಿಟ್ಟರು. ಪೇದೆಯ ಬಲತೋಳನ್ನು ಎರಡೂ ಕೈಯಲ್ಲಿ ಹಿಡಿದು, ಹೆಬ್ಬೆರಳಿನಿಂದ ಎಲುಬಿನ ಮೇಲೆ ಒಂದು ಜಾಗ ಹುಡುಕಿ ಮೆಲ್ಲಗೆ ಅದುಮಿದರು. ಪೇದೆ ತುಟಿ ಕಚ್ಚಿಕೊಂಡರು.

‘ಇನ್ನೊಂಚೂರು ಒತ್ತಿದ್ರೆ ಇಲ್ಲಿ ಮುರೀತಿತ್ತು ಮಾ. ಕೂಗಿ ಹೇಳೋಕೆ ಟೈಮ್ ಇರ್ಲಿಲ್ಲ. ಆ ಸದ್ದು ನಂಗೆ ಗೊತ್ತು... ಇನ್ನೊಂದ್ಸಲ ಕೇಳಕ್ಕಾಗಲ್ಲ.’

ಗೌಡರು ಹೆಗಲ ಮೇಲಿನ ಟವೆಲ್ಲಿನಿಂದ ಮುಖ ಒರೆಸಿಕೊಂಡು, ಇನ್ನೊಂದು ಟೀ ಹೇಳಲು ಹೋದರು. ಸಿಸ್ಟರ್ ಅಕ್ಕ ಅಲ್ಲೇ ಸಿಮೆಂಟು ಬೆಂಚಿನ ಮೇಲೆ ಪೇದೆಯ ಮೊಣಕೈ ಊರಿಸಿ, ಏನೇ ಆದರೂ ಮುಖ ಕೈಯ ಕಡೆಗೇ ಇರಬೇಕು, ಭುಜ ಕೈಯನ್ನು ಬಿಟ್ಟು ಹೋಗಬಾರದು ಎಂದು ತಿದ್ದಿ ತೋರಿಸಿದರು. ದಾವಣಗೆರೆ ಬಸ್ಸು ಹೊರಡುವವರೆಗೂ ತೋರಿಸುತ್ತಲೇ ಇದ್ದರು.

ಭದ್ರಾವತಿ ಬಸ್ಸಿನಲ್ಲಿ ನನ್ನ ಪಕ್ಕ ಕೂತ ಮೇಲೆ ಸಿಸ್ಟರ್ ಅಕ್ಕ ಅತ್ತರು. ಸದ್ದಿಲ್ಲದೆ, ಸೆರಗು ಬಾಯಿಗಿಟ್ಟುಕೊಂಡು. ‘ಗೆಲ್ಬೇಕಿತ್ತು ಕಣೆ’ ಎಂದರು ಒಮ್ಮೆ. ‘ತುಂಬಾ ಗೆಲ್ಬೇಕಿತ್ತು.’ ಒಳ್ಳೆಯ ಕೆಲಸ ಮಾಡಿದ ನೆಮ್ಮದಿ ಆ ಮುಖದಲ್ಲಿ ಒಂದಿಷ್ಟೂ ಇರಲಿಲ್ಲ. ಚೌಕಾಬಾರದಲ್ಲಿ ಸೋತರೂ ಮುಖ ಕೊಟ್ಟು ಮಾತಾಡದವರು ಅಷ್ಟು ಜನರೆದುರು ತಾವಾಗಿ ಸೋತಿದ್ದರು. ಅವರ ಶಕ್ತಿ ಏನೆಂದು ನನಗೆ ಅವತ್ತು ಆ ಬಸ್ಸಿನಲ್ಲಿ ಸ್ವಲ್ಪ ತಿಳಿಯಿತು.

ಮುಂದಿನ ವರ್ಷ ಅವರ ತಾಯಿ ಹಾಸಿಗೆ ಹಿಡಿದರು. ಸಿಸ್ಟರ್ ಅಕ್ಕ ಮತ್ತೆ ಪಂದ್ಯಗಳಿಗೆ ಹೋಗಲಿಲ್ಲ. ರಾಜ್ಯದ ಪದಕ ಅವರಿಗೆ ಸಿಗಲೇ ಇಲ್ಲ. ಆದರೆ ಒಂದು ಭಾನುವಾರ, ತೋಳಿನ ನೋವು ಪೂರ್ತಿ ಹೋದ ಮೇಲೆ, ಪೇದೆ ಹಳೇನಗರಕ್ಕೆ ಬಂದರು. ಜಗಲಿಯ ಮೇಜಿನ ಮುಂದೆ ಕೂತು ಕೈ ನೀಡಿದರು. ‘ಈ ಸಲ ಬಿಡ್ಬ್ಯಾಡ್ರಿ’ ಎಂದರು. ನೋಡಲು ನಾನು ಮತ್ತು ಗೌಡರು, ಅಷ್ಟೇ. ಪೇದೆ ಮುಖ ತಿರುಗಿಸಲಿಲ್ಲ, ಕಲಿಸಿದ್ದನ್ನು ಒಂದೂ ತಪ್ಪಲಿಲ್ಲ. ಇಬ್ಬರ ಕೈಯೂ ಮೇಜಿನ ನಡುವೆ ಎಷ್ಟೋ ಹೊತ್ತು ನಿಂತೇ ಇತ್ತು. ಆಮೇಲೆ ಆ ಕೊಕ್ಕೆ ಬಿತ್ತು. ಮೆತ್ತಗೆ, ನಿದ್ದೆ ಹೋದ ಮಗುವನ್ನು ಮಲಗಿಸುವ ಹಾಗೆ, ಸಿಸ್ಟರ್ ಅಕ್ಕ ರಾಜ್ಯದ ಮೊದಲ ಕೈಯನ್ನು ಮೆತ್ತೆಯ ಮೇಲಿಟ್ಟರು. ಇಬ್ಬರೂ ನಗುತ್ತಿದ್ದರು. ಗೌಡರು ಚಪ್ಪಾಳೆ ತಟ್ಟಲು ಎತ್ತಿದ ಕೈಯನ್ನು ಹಾಗೇ ಜೋಡಿಸಿ ಮುಗಿದರು.

ನಾನು ಮದುವೆಯಾಗಿ ಶಿವಮೊಗ್ಗಕ್ಕೆ ಬಂದೆ. ಗೌಡರು ತೀರಿಕೊಂಡರು. ಕೋವಿಡ್ಡಿನ ಎರಡನೇ ಅಲೆಯಲ್ಲಿ ಸಿಸ್ಟರ್ ಅಕ್ಕನನ್ನು ಕೋವಿಡ್ ವಾರ್ಡಿಗೆ ಹಾಕಿದ್ದರು. ಫೋನಿನಲ್ಲಿ ಕೆಮ್ಮುತ್ತಲೇ, ಏನಿಲ್ಲ ಮಾ, ಸ್ವಲ್ಪ ಸುಸ್ತು ಎಂದಿದ್ದರು... ಅದೇ ಕೊನೆಯ ಮಾತು. ಭದ್ರಾವತಿ ಇಲ್ಲೇ ಇದೆ, ಆದರೂ ಕೊನೆಗೊಮ್ಮೆ ಮುಖ ನೋಡಿಬರಲು ಬಿಡಲಿಲ್ಲ. ಪೇದೆ ಆಗ ಚೆಕ್‌ಪೋಸ್ಟಿನಲ್ಲಿ ಡ್ಯೂಟಿಯಲ್ಲಿದ್ದರು. ಊರಿನ ಜನರನ್ನೆಲ್ಲ ತಡೆದು ನಿಲ್ಲಿಸುತ್ತ ನಿಂತಿದ್ದವರಿಗೆ ತಾವು ಹೋಗಲಾಗಲಿಲ್ಲ.

ನನ್ನ ಅಣ್ಣನ ಮಗಳು ಈಗ ಕಾಲೇಜಿನಲ್ಲಿ ಪಂಜ ಹಿಡಿಯುತ್ತಾಳೆ. ಮೊಬೈಲಿನಲ್ಲಿ ಹೊರದೇಶದ ದೈತ್ಯರ ಪಂದ್ಯಗಳನ್ನು ನೋಡುತ್ತಾಳೆ. ನೀವು ನೋಡಿದವರಲ್ಲಿ ಎಲ್ಲರಿಗಿಂತ ದೊಡ್ಡವರು ಯಾರತ್ತೆ ಎಂದು ಮೊನ್ನೆ ಕೇಳಿದಳು. ಹೇಳಿದೆ. ವಿಡಿಯೋ ಇದೆಯಾ ಅಂದಳು. ಇಲ್ಲ. ಒಂದು ಫೋಟೋ ಕೂಡ ಇಲ್ಲ.

ಅವಳು ಹೋದ ಮೇಲೆ ದಾವಣಗೆರೆಗೆ ಫೋನ್ ಮಾಡಿದೆ. ಪೇದೆ ಈಗ ನಿವೃತ್ತರು, ನಾವು ಆಗಾಗ ಮಾತಾಡುತ್ತಿರುತ್ತೇವೆ. ಅತ್ತೆಯ ಕೈ ಹೇಗಿದೆ ಎಂದು ವಿಚಾರಿಸಿದರು. ನಿಮ್ಮ ಕೈ ಹೇಗಿದೆ ಎಂದು ನಾನು ಕೇಳಿದೆ.

‘ಚೆನ್ನಾಗೈತ್ರಿ. ಬೆಳಗ್ಗೆಯಿಂದ ಮೊಮ್ಮಗನ್ನ ಇದೇ ಕೈಯಾಗೆ ಎತ್ಕೊಂಡು ಓಡಾಡಿದೀನಿ.’ ಆಮೇಲೆ ಹೇಳಿದರು: ‘ಅವ್ರಿಗೊಂದ್ಸಲ ತೋರಿಸ್ಬೇಕಿತ್ತು.’

ಹೌದು ಎಂದೆ. ಆ ಕಡೆ ಮಗು ಏನೋ ಹಠ ಮಾಡುತ್ತಿತ್ತು. ಫೋನ್ ಇಡಲು ಇಬ್ಬರಿಗೂ ಮನಸ್ಸಾಗಲಿಲ್ಲ.