ಕೆಂಚನ ಪೆಟ್ಟಿಗೆ

ಶೃಂಗೇರಿಯ ಬಸ್‌ಸ್ಟ್ಯಾಂಡಿನ ಹತ್ತಿರದ ಲಾಡ್ಜೊಂದರಲ್ಲಿ ಏನು ಕೆಲಸ ಎಂದು ಕೇಳಿದರೆ ಮಲ್ಲಿಕಾ, ರೂಮು ಕ್ಲೀನ್ ಮಾಡುವುದು ಎನ್ನುತ್ತಾಳೆ. ನಿಜ ನೋಡಿದರೆ ಅದು ಊರೂರಿನ ಜನ ಬಿಟ್ಟು ಹೋದ ವಾಸನೆ ತೆಗೆಯುವ ಕೆಲಸ. ದರ್ಶನ ಮುಗಿಸಿ ಹೊರಟವರ ಹಾಸಿಗೆ ಬಟ್ಟೆ ಎಳೆಯುವಾಗಲೇ ಅವಳಿಗೆ ತಿಳಿಯುತ್ತದೆ, ಮಲಗಿದ್ದವರು ಮಂಡಿಗೆ ನೋವಿನೆಣ್ಣೆ ಹಚ್ಚಿದ್ದರೋ, ಮಗು ಹಾಲು ಕಕ್ಕಿತ್ತೋ, ಕಿಟಕಿ ಮುಚ್ಚಿಕೊಂಡು ಸಿಗರೇಟು ಸೇದಿದ್ದರೋ ಎಂದು. ಅಂಥ ಮೂಗಿನವಳಿಗೆ ಸ್ವಂತ ಮನೆಯ ವಾಸನೆ ಎಲ್ಲಿಂದ ಬರುತ್ತಿದೆ ಎಂದು ಗೊತ್ತಾಗಲಿಲ್ಲ ಎಂದರೆ ನಂಬುವುದು ಕಷ್ಟ. ಆದರೆ ಬೆಳಗಿನಿಂದ ಅದನ್ನೇ ಮಾಡಿ ಬಂದ ಮೂಗು ಸಂಜೆ ಹೊತ್ತಿಗೆ ತಾನೇ ಏನು ಮಾಡೀತು?

ಮನೆ ಎಂದರೆ ಪೇಟೆ ಬೀದಿಯಲ್ಲಿ ರೇಣುಕಪ್ಪನ ಪೂಜಾ ಸಾಮಾನಿನ ಅಂಗಡಿಯ ಮೇಲಿನ ಎರಡು ಬಾಡಿಗೆ ಕೋಣೆ. ಅದರಲ್ಲಿ ಮಲ್ಲಿಕಾ, ಅವಳ ಗಂಡ ಸುಂದರೇಶ್, ಮತ್ತೆ ಕೆಂಚ ಎಂಬ ಬೆಕ್ಕು. ಸುಂದರೇಶ್ ಬಸ್ ಏಜೆಂಟನಾಗಿದ್ದವನು. ಕೊಪ್ಪ, ಜಯಪುರ, ಎನ್.ಆರ್. ಪುರ ಎಂದು ಅವನು ಕೂಗಿದರೆ ಹೊಳೆಯಾಚೆಯವರೂ ಚೀಲ ಎತ್ತಿಕೊಂಡು ಓಡಿ ಬರುತ್ತಿದ್ದರು. ಕೆಂಚನ ಹಿಂಗಾಲಿನ ಮೇಲೆ ಬಸ್ಸು ಹತ್ತಿದ ದಿನ ಅದನ್ನು ಟವೆಲಿನಲ್ಲಿ ಸುತ್ತಿ ಮನೆಗೆ ತಂದವನೂ ಅವನೇ. ಕಾಲು ಉಳಿಯಲಿಲ್ಲ, ಬೆಕ್ಕು ಉಳಿಯಿತು. ಆಮೇಲೆ ಸುಂದರೇಶನಿಗೇ ಲಕ್ವ ಹೊಡೆಯಿತು. ಬಲಗಡೆ ಪೂರಾ ಹೋಯಿತು, ನಾಲಿಗೆ ತೊದಲಿತು. ಮೆಟ್ಟಿಲಿಳಿಯಲಾಗದ ಗಂಡ ಒಬ್ಬ, ಮೆಟ್ಟಿಲಿಳಿಯಲಾಗದ ಬೆಕ್ಕು ಒಂದು, ಇಬ್ಬರ ಹೊಲಸನ್ನೂ ಎತ್ತುವವಳು ಮಲ್ಲಿಕಾ.

ಇದನ್ನು ಅವಳು ಯಾರ ಹತ್ತಿರವೂ ಹೇಳಿಕೊಂಡವಳಲ್ಲ. ಆದರೆ ಸಾಕಾಗಿತ್ತು. ಮೈಗಿಂತ ಹೆಚ್ಚಾಗಿ ಮನಸ್ಸಿಗೆ ಸಾಕಾಗಿತ್ತು.

ಅಂಥ ಹೊತ್ತಿನಲ್ಲೇ ರೇಣುಕಪ್ಪ ಮೆಟ್ಟಿಲ ಬುಡದಲ್ಲಿ ಅವಳನ್ನು ತಡೆದು ನಿಲ್ಲಿಸಿದ.

“ನೋಡು ಮಲ್ಲಿಕಾ, ನಾ ಯಾರ ಉಸಾಬರಿಗೂ ಹೋಗೋನಲ್ಲ. ಆದ್ರೆ ಕರ್ಪೂರ ಊದುಬತ್ತಿ ಮಾರೋ ಅಂಗಡಿ ಇದು. ಬಂದೋರು ಮೂಗು ಮುಚ್ಕಂಡು ನಿಲ್ತಾರೆ ಮಾರಾಯ್ತಿ. ಆ ಬೆಕ್ಕಿಗೆ ಎಂತಾದ್ರೂ ಒಂದು ದಾರಿ ಮಾಡು. ಇಲ್ಲಾಂದ್ರೆ ಬೇರೆ ಮನೆ ನೋಡ್ಕಂಬದು ಒಳ್ಳೇದು.”

ಲಕ್ವ ಹೊಡೆದವನನ್ನು ಕಟ್ಟಿಕೊಂಡು ಈ ಊರಿನಲ್ಲಿ ಬೇರೆ ಮನೆ ಹುಡುಕುವುದೆಂದರೆ ಏನೆಂದು ಅವಳಿಗೆ ಗೊತ್ತಿತ್ತು. ಬೆಕ್ಕನ್ನು ಕಳಿಸುವುದು ಅದಕ್ಕಿಂತ ಸುಲಭ. ಆದರೆ ಅವಳು ಕೆಲಸಕ್ಕೆ ಹೋದ ಮೇಲೆ ಸುಂದರೇಶನ ಜೊತೆಗಿರುವ ಜೀವ ಅದೊಂದೇ. ಸ್ವಾಧೀನ ಇಲ್ಲದ ಕೈಯ ಮೇಲೆ ಅದು ಮಲಗಿದರೆ ಬಿಸಿ ಗೊತ್ತಾಗುತ್ತದೆ ಎಂದು ಅವನು ಒಮ್ಮೆ ಹೇಳಿದ್ದ. ಡಾಕ್ಟರು ಅದನ್ನು ನಂಬಿರಲಿಲ್ಲ, ಮಲ್ಲಿಕಾ ನಂಬಿದ್ದಳು.

ದಾರಿ ತೋರಿಸಿದವಳು ಲಾಡ್ಜಿನ ಕೌಂಟರಿನಲ್ಲಿ ಕೂರುವ ಅರ್ಪಿತಾ. ಅವಳ ಫೋನಿನ ವಿಡಿಯೋದಲ್ಲಿ ಚೆಂದದ ಮರದ ಕಪಾಟೊಂದಿತ್ತು. ನೋಡಿದರೆ ಟೀಪಾಯಿ, ಮೇಲೆ ಹೂದಾನಿ. ಪಕ್ಕದಲ್ಲಿ ಒಂದು ದುಂಡು ಕಿಂಡಿ. ಬೆಕ್ಕು ಅದರಲ್ಲಿ ನುಗ್ಗಿ ಒಳಗಿನ ತಟ್ಟೆಯಲ್ಲಿ ಕೆಲಸ ಮುಗಿಸಿ ಗೌಡರ ಹಾಗೆ ಹೊರಗೆ ಬರುತ್ತದೆ. ವಾಸನೆ ಒಳಗೇ ಉಳಿಯುತ್ತದೆ.

“ನಮ್ಮ ಲಾಡ್ಜಿನ ರೂಮಿಗಿಂತ ಲಾಯ್ಕಿದೆ,” ಎಂದಳು ಮಲ್ಲಿಕಾ.

ಜಯಪುರದಲ್ಲಿ ಫರ್ನಿಚರ್ ಮಾಡುವ ರಾಕೇಶ, ಯಾರೋ ಬೇಡವೆಂದು ಬಿಟ್ಟು ಹೋದ ಹಳೇ ಟಿವಿ ಸ್ಟ್ಯಾಂಡಿಗೆ ಕಿಂಡಿ ಕೊರೆದು, ಮೇಲೆ ಎತ್ತುವ ಮುಚ್ಚಳ ಕೂರಿಸಿ ಕೊಟ್ಟ. ಬೆಕ್ಕಿಗೆ ಕಕ್ಕಸು ಮಾಡಿದ್ದು ಅವನ ಜನ್ಮದಲ್ಲೇ ಮೊದಲಂತೆ. ಬಸ್ಸಿನ ಟಾಪಿನ ಮೇಲೆ ಬಂದ ಪೆಟ್ಟಿಗೆಯನ್ನು ಸುಂದರೇಶನ ಮಂಚದ ಪಕ್ಕದಲ್ಲೇ ಇಟ್ಟರು, ಬೇರೆ ಜಾಗವಿರಲಿಲ್ಲ. ಅವನ ಮಾತ್ರೆ, ನೀರಿನ ಲೋಟ ಇಡುವುದಕ್ಕೂ ಆಯಿತು. ತಟ್ಟೆಗೆ ಮರದ ಮಿಲ್ಲಿನ ಹೊಟ್ಟು ಸುರಿದರು. ಕೆಂಚ ಎರಡು ದಿನ ಮೂಸಿ ನೋಡಿ, ಮೂರನೇ ದಿನ ಒಳಗೆ ಹೋಯಿತು.

ವಾಸನೆ ಹೋಯಿತು. ಸ್ವಲ್ಪ ದಿನಕ್ಕೆ ಮತ್ತೆ ಬಂತು, ಮೊದಲಿಗಿಂತ ಜೋರಾಗಿ ಬಂತು. ಮುಚ್ಚಳ ತೆಗೆದರೆ ಕಣ್ಣುರಿ.

ಅರ್ಪಿತಾ ವಿಚಾರಿಸಿದ ಮೇಲೆ ಗೊತ್ತಾಯಿತು, ಮಲ್ಲಿಕಾ ಹಳೇ ಹೊಟ್ಟನ್ನು ತೆಗೆದೇ ಇರಲಿಲ್ಲ. ಒದ್ದೆಯಾದಲ್ಲಿ ಮೇಲೊಂದು ಪದರ ಹೊಸದು ಹಾಕುತ್ತಿದ್ದಳು. ಅವಳು ಕೆರೆಕಟ್ಟೆ ಕಡೆಯವಳು. ಚಿಕ್ಕಂದಿನಲ್ಲಿ ಅವ್ವನ ಜೊತೆ ಕಂಡವರ ಕೊಟ್ಟಿಗೆ ಕೆಲಸಕ್ಕೆ ಹೋಗಿ ಕಲಿತದ್ದು ಅದೇ. ದನದ ಕಾಲಡಿಗೆ ದಿನಾ ಸೊಪ್ಪು ಹಾಸಬೇಕು, ಹಿಂದಿನ ದಿನದ್ದನ್ನು ಮುಟ್ಟಬಾರದು, ಪದರದ ಮೇಲೆ ಪದರ ಬಿದ್ದು ತುಳಿದು ಹದವಾದರೆ ಗೊಬ್ಬರ. ತೆಗೆದು ಎಸೆಯುವವಳು ಸೋಮಾರಿ. ಗೊಬ್ಬರದ ವಾಸನೆಯನ್ನು ಅವಳ ಅವ್ವ ವಾಸನೆ ಎಂದೇ ಎಣಿಸಿದವಳಲ್ಲ.

“ಇದು ಕೊಟ್ಟಿಗೆ ಅಲ್ಲ ಅಕ್ಕಾ, ಗಾಳಿ ಆಡದೇ ಇರೋ ಪೆಟ್ಟಿಗೆ. ದಿನಾ ತೆಗೀಬೇಕು,” ಎಂದಳು ಅರ್ಪಿತಾ.

ಸರಿ, ದಿನಾ ತೆಗೆದಳು. ಸಂಜೆ ಬಂದವಳು ಚಹಾ ಕುಡಿಯುವ ಮೊದಲೇ ತಟ್ಟೆ ಎಳೆದು, “ಎಂತದೋ ಕೆಂಚ, ಇಷ್ಟು ನೀರು ಎಲ್ಲಿ ಇಟ್ಕಂಡಿರ್ತಿಯೋ, ತುಂಗೆ ಹೊಳೆನೇ ಕುಡ್ದಿಯಾ?” ಎಂದು ಬೈಯುತ್ತಾ ನಗುತ್ತಾ ತೊಳೆಯುವಳು. ಆದರೂ ಮರುದಿನ ಹೊಟ್ಟು ಮುದ್ದೆಯಾಗಿರುತ್ತಿತ್ತು. ತಟ್ಟೆ ತುಂಬಿ ಹಲಗೆಗೂ ಇಳಿದು, ಹಲಗೆಯೇ ನಾರುತ್ತಿತ್ತು. ಬೆಕ್ಕಿಗೂ ಸಕ್ಕರೆ ಕಾಯಿಲೆ ಬರುತ್ತದೆ ಎಂದು ಅರ್ಪಿತಾ ಹೇಳಿದ್ದರಿಂದ ಅದೇ ಇರಬೇಕು ಎಂದುಕೊಂಡಳು.

ಒಂದೇ ಒಂದು ಸಮಾಧಾನವಿತ್ತು. ಸುಂದರೇಶ್ ಹುಷಾರಾಗುತ್ತಿದ್ದ. ಹಗಲಿನಲ್ಲಿ ಒಂದಕ್ಕೆ ಬಂದರೆ ಹಿಡಿದುಕೊಳ್ಳಲು ಮಂಚದ ಕೆಳಗೆ ಪ್ಲಾಸ್ಟಿಕ್ ಡಬ್ಬ ಇಟ್ಟು ಹೋಗುತ್ತಿದ್ದಳು, ಸಂಜೆ ಬಂದು ಅದನ್ನು ಬಚ್ಚಲಿಗೆ ಚೆಲ್ಲುವುದು ಅವಳ ಪಾಲಿನ ಕೆಲಸ. ಈಚೆಗೆ ಡಬ್ಬ ಒಣಗಿಯೇ ಇರುತ್ತಿತ್ತು. ಕೇಳಿದರೆ, “ಕೋಲು ಹಿಡ್ಕಂಡು ನಾನೇ ಹೋದೆ,” ಎನ್ನುತ್ತಿದ್ದ. ಆ ಮಾತು ಕೇಳಿದ ದಿನ ಅವಳು ಕಾಲು ಚಾಚಿ ಕೂತು ಚಹಾ ಕುಡಿದಿದ್ದಳು.

ರೇಣುಕಪ್ಪ ಮತ್ತೆ ಮೆಟ್ಟಿಲ ಬುಡದಲ್ಲಿ ನಿಂತಿದ್ದ. ಈ ಸಲ ದನಿ ಏರಿಸಲಿಲ್ಲ, ಅವಳಿಗೆ ಹೆದರಿಕೆಯಾದದ್ದು ಅದಕ್ಕೇ. “ತಿಂಗಳು ತುಂಬೋದ್ರೊಳಗೆ ಬೆಕ್ಕಾದ್ರೂ ಹೋಗ್ಬೇಕು, ನೀವಾದ್ರೂ ಹೋಗ್ಬೇಕು,” ಎಂದ.

ಮಲ್ಲಿಕಾ ಕೆರೆಕಟ್ಟೆಯಲ್ಲಿರುವ ಅಣ್ಣ ಐತನಿಗೆ ಫೋನು ಮಾಡಿದಳು. ತಂದು ಬಿಡು, ಎಂದ ಅವನು. ಕಾಡಂಚಿನ ಮನೆ, ಬೀದಿ ತುಂಬ ನಾಯಿ. ಮೂರು ಕಾಲಿನ ಬೆಕ್ಕು ಅಲ್ಲಿ ಎಷ್ಟು ದಿನ ಎಂದು ಅಣ್ಣನೂ ಹೇಳಲಿಲ್ಲ, ತಂಗಿಯೂ ಕೇಳಲಿಲ್ಲ.

ಹೊರಡುವ ದಿನ ಬೆಳಿಗ್ಗೆ ಕೆಂಚನನ್ನು ಬುಟ್ಟಿಯಲ್ಲಿ ಹಾಕಿ ಮೇಲೆ ಹಳೇ ಸೀರೆ ಕಟ್ಟಿದಳು. ಒಳಗಿಂದ ಒಂದೇ ಸಮ ಕೂಗು. ಬಸ್ಸಿಗೆ ಹೊತ್ತಾಗಿತ್ತು. ಗಂಡನ ಮುಖ ನೋಡಬಾರದೆಂದುಕೊಂಡೇ ಗಂಟು ಬಿಗಿದಳು.

“ಬಿಡು ಅದನ್ನ,” ಎಂದ ಸುಂದರೇಶ್.

“ನನಗೇನು ಖುಷಿಯಾ ಮಾರಾಯ್ರೆ? ಬೇರೆ ಎಂತ ಮಾಡ್ಲಿ ಹೇಳಿ.”

“ಕೆಂಚಂದಲ್ಲ.” ನಾಲಿಗೆ ಹೊರಳಿಸಲು ಅವನು ಒದ್ದಾಡಿದ. “ವಾಸನೆ. ಕೆಂಚಂದಲ್ಲ. ನಂದು.”

ಅವಳಿಗೆ ಅರ್ಥವಾಗಲಿಲ್ಲ. ಅವನು ಎಡಗೈ ಚಾಚಿ, ಮೇಲಿದ್ದ ಲೋಟ ಮಾತ್ರೆ ಮಂಚಕ್ಕಿಟ್ಟು, ಪೆಟ್ಟಿಗೆಯ ಮುಚ್ಚಳ ಎತ್ತಿದ. ಮಂಚದ ಕೆಳಗಿಂದ ಡಬ್ಬ ತೆಗೆದು, ಒಳಗೆ ಬಗ್ಗಿಸಿ ತೋರಿಸಿದ. ಎಡಗೈ ಒಂದರಿಂದಲೇ ಬಗ್ಗಿಸಿದ್ದರಿಂದ ಡಬ್ಬದ ತಳದಲ್ಲಿದ್ದುದು ಅರ್ಧ ತಟ್ಟೆಗೆ ಬಿತ್ತು, ಅರ್ಧ ಹಲಗೆಗೆ ಬಿತ್ತು. ಕೋಲು ಹಿಡಿದು ಅವನು ಒಂದು ದಿನವೂ ಎದ್ದು ಹೋಗಿರಲಿಲ್ಲ.

“ಎಂತಕ್ಕೆ ಹಿಂಗೆ ಮಾಡಿದ್ರಿ?” ಎಂದಳು. ಸಿಟ್ಟು ಬರಬೇಕಿತ್ತು, ಬರಲಿಲ್ಲ. ಅವನು ಕೋಲು ಹಿಡಿದು ನಡೆಯುತ್ತಿದ್ದಾನೆಂದು ಅವಳು ಲಾಡ್ಜಿನವರಿಗೆಲ್ಲ ಹೇಳಿಕೊಂಡು ಬಂದಿದ್ದಳು.

ಸುಂದರೇಶ್ ಒಂದೊಂದೇ ಮಾತನ್ನು ಕಿತ್ತು ಹೊರಗೆ ಹಾಕಿದ.

“ಅದ್ರದ್ದು ತೆಗೀಬೇಕಾದ್ರೆ ನೀ ಮಾತಾಡ್ತಿ. ನಗ್ತಿ. ನಂದು ತೆಗೀಬೇಕಾದ್ರೆ ಬಾಯೇ ಬಿಡದಿಲ್ಲ ನೀನು. ಅದ್ರದ್ದು ಅಂತ ತಿಳ್ಕಂಡ್ರೆ ನಿಂಗೆ ಬೇಜಾರಿಲ್ಲ ಅಂತ.”

ಅದು ನಿಜವಾಗಿತ್ತು. ಇಷ್ಟು ದಿನ ಡಬ್ಬ ಹಿಡಿದು ಬಚ್ಚಲಿಗೆ ಹೋಗುವಾಗ ತನ್ನ ಮುಖ ಹೇಗಿರುತ್ತದೆ ಎಂದು ಅವಳು ಯೋಚಿಸಿಯೇ ಇರಲಿಲ್ಲ. ಮಂಚದ ಮೇಲಿಂದ ಅವನು ದಿನಾ ನೋಡುತ್ತಿದ್ದ. ಅವಳಿಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ದುಃಖವಾಯಿತು. ಸೀರೆಯ ಗಂಟು ಬಿಚ್ಚಿದಳು. ಕೆಂಚ ಹಾರಿ ಮಂಚದಡಿ ಸೇರಿತು.

ಅವನ ಕೈಯಿಂದ ಡಬ್ಬ ತೆಗೆದುಕೊಂಡು, ಅದನ್ನು ಹಿಡಿದೇ ಮೆಟ್ಟಿಲಿಳಿದಳು. ರೇಣುಕಪ್ಪ ಅಂಗಡಿ ಬಾಗಿಲು ತೆಗೆದು ಹೊಸಿಲಿಗೆ ನೀರು ಹಾಕುತ್ತಿದ್ದ. ಬೆಕ್ಕನ್ನು ಸಾಗಿಸುವ ದಿನವೆಂದು ಅವನಿಗೆ ಗೊತ್ತಿತ್ತು, ಅವಳ ಕೈಯಲ್ಲಿ ಬುಟ್ಟಿಯಿಲ್ಲದ್ದು ನೋಡಿ ಹುಬ್ಬು ಏರಿಸಿದ.

“ಅಣ್ಣಾ, ವಾಸನೆ ಬೆಕ್ಕಿಂದಲ್ಲ. ನಮ್ಮನೆಯವ್ರದ್ದು,” ಎಂದಳು ಮಲ್ಲಿಕಾ. “ಈಗ ಹೇಳಿ, ಯಾರನ್ನ ಬುಟ್ಟಿಗೆ ಹಾಕಿ ಕಳಿಸ್ಲಿ?”

ರೇಣುಕಪ್ಪ ಚೊಂಬು ಹಿಡಿದು ನಿಂತ. ಮೇಲಿನ ಕಿಟಕಿಯತ್ತ ಒಮ್ಮೆ ನೋಡಿದ. ಕೊನೆಗೆ ತಿಂಗಳ ಗಡುವಿನ ಮಾತೆತ್ತದೆ, ಉಳಿದ ನೀರನ್ನು ಹೊಸಿಲಿಗೆ ಸುರಿದು ಒಳಗೆ ಹೋದ.